ಅರಸರ, ಅಧ್ಯಕ್ಷರ ಹಳೆಯ ಕಾರುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಆಳುವವರು ಜನರ ಕಣ್ಣಿಗೆ ಹೇಗೆ ಕಾಣಿಸಿಕೊಳ್ಳಲು ಬಯಸಿದರು, ಯಾವುದಕ್ಕೆ ಹೆದರಿದರು ಎನ್ನುವುದು ಅವರು ಕೂತ ಕಾರಿನಲ್ಲಿ ಅಚ್ಚೊತ್ತಿರುತ್ತದೆ. ಸೀಟು ಎಷ್ಟು ಎತ್ತರದಲ್ಲಿದೆ, ಗಾಜು ಎಷ್ಟು ದಪ್ಪ, ಟಾಪು ಬಿಚ್ಚಲು ಬರುತ್ತದೆಯೇ ಎಂದು ನೋಡುತ್ತಾ ಹೋದರೆ ಅರ್ಧ ಇತಿಹಾಸ ಅಲ್ಲೇ ಸಿಗುತ್ತದೆ. ಆಸಕ್ತರು ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಟ್ಟಿದ್ದೇನೆ. ಹರಾಜಿನ ಬೆಲೆಗಿಂತ ಕಾರಿನ ಒಳಗಿನ ವಿವರಗಳೇ ನನಗೆ ಮುಖ್ಯ, ಹಾಗಾಗಿ ಅವುಗಳಿಗೇ ಹೆಚ್ಚು ಜಾಗ.

ಹಳೆಯ ಕಾರುಗಳೆಲ್ಲ ವಿಂಟೇಜ್ ಕಾರುಗಳೇ?

ಮಾತಿನಲ್ಲಿ ಹಾಗೆ ಹೇಳುತ್ತೇವೆ. ಹವ್ಯಾಸಿಗಳ ಲೆಕ್ಕ ಬೇರೆ. 1904ರ ಕೊನೆಯವರೆಗೆ ತಯಾರಾದವು ವೆಟರನ್, 1905ರಿಂದ 1918ರವರೆಗಿನವು ಎಡ್ವರ್ಡಿಯನ್, 1919ರಿಂದ 1930ರವರೆಗಿನವು ಮಾತ್ರ ವಿಂಟೇಜ್. ಇದು ಬ್ರಿಟನ್ನಿನ ಪದ್ಧತಿ. ಬೇರೆ ಕಡೆ ಹೆಸರುಗಳಲ್ಲಿ ಸ್ವಲ್ಪ ಹೆಚ್ಚುಕಡಿಮೆ ಇದೆ. ಎರಡನೇ ಮಹಾಯುದ್ಧದ ನಂತರದವನ್ನು ಸಾಮಾನ್ಯವಾಗಿ ಕ್ಲಾಸಿಕ್ ಎನ್ನುತ್ತಾರೆ. ಅರಸರ ಕಾರುಗಳಲ್ಲಿ ಬಹಳ ಹೆಸರಾದವು ಈ ಕೊನೆಯ ಗುಂಪಿಗೇ ಸೇರಿದವು, ಆದ್ದರಿಂದ ಇಲ್ಲಿ ಆ ಗಡಿಯನ್ನು ಬಿಗಿಯಾಗಿ ಹಿಡಿದಿಲ್ಲ.

ದೊರೆಗಳು ಕುದುರೆಗಾಡಿ ಇಳಿದು ಕಾರು ಹತ್ತಿದ್ದು ಯಾವಾಗ?

ಬ್ರಿಟನ್ನಿನಲ್ಲಿ 1900ರಲ್ಲಿ. ಆಗಿನ್ನೂ ಯುವರಾಜನಾಗಿದ್ದ ಏಳನೇ ಎಡ್ವರ್ಡ್ ಆ ವರ್ಷ ಒಂದು ಡೈಮ್ಲರ್ ಕೊಂಡ. ಅದು ಈಗಲೂ ಸ್ಯಾಂಡ್ರಿಂಗ್‌ಹ್ಯಾಮ್ ಅರಮನೆಯ ಸಂಗ್ರಹಾಲಯದಲ್ಲಿದೆ. ನೋಡಲು ಕುದುರೆ ಬಿಚ್ಚಿದ ಸಾರೋಟಿನ ಹಾಗೇ ಇದೆ. ಅಲ್ಲಿಂದ ಅರ್ಧ ಶತಮಾನ ಬ್ರಿಟಿಷ್ ಅರಮನೆಯಲ್ಲಿ ಡೈಮ್ಲರ್‌ನದೇ ಕಾರುಬಾರು.

ಅಮೆರಿಕದಲ್ಲಿ 1909ರಲ್ಲಿ ಅಧ್ಯಕ್ಷ ಟಾಫ್ಟ್ ಅಧಿಕಾರಕ್ಕೆ ಬಂದಾಗ ಕಾಂಗ್ರೆಸ್ಸು ಕಾರುಗಳಿಗೆಂದು 12,000 ಡಾಲರ್ ಮಂಜೂರು ಮಾಡಿತು. ಶ್ವೇತಭವನದ ಕುದುರೆ ಲಾಯ ಗ್ಯಾರೇಜಾಯಿತು. ಆಗ ಕೊಂಡ ಕಾರುಗಳಲ್ಲಿ ಒಂದು ಪೆಟ್ರೋಲಿನದಲ್ಲ, ಉಗಿಯದು: ವೈಟ್ ಕಂಪನಿಯ ಮಾಡೆಲ್ ಎಂ. ಪೆಟ್ರೋಲ್ ಎಂಜಿನ್ನೇ ಗೆಲ್ಲುತ್ತದೆ ಎಂದು ಅಂದು ಯಾರಿಗೂ ಖಾತ್ರಿ ಇರಲಿಲ್ಲ.

ಕಂಪನಿಯಿಂದ ಪೂರ್ತಿ ತಯಾರಾದ ಕಾರನ್ನೇ ಕೊಳ್ಳುತ್ತಿದ್ದರೇ?

ಇಲ್ಲ. ಯುದ್ಧಕ್ಕೆ ಮುಂಚಿನ ಐಷಾರಾಮಿ ಕಾರುಗಳಲ್ಲಿ ಕಂಪನಿ ಕೊಡುತ್ತಿದ್ದುದು ಚಾಸಿ ಮಾತ್ರ, ಅಂದರೆ ಎಂಜಿನ್, ಗೇರುಪೆಟ್ಟಿಗೆ, ಚಕ್ರ, ರೇಡಿಯೇಟರ್ ಇರುವ ಬರಿ ಅಡಿಗಟ್ಟು. ಅದರ ಮೇಲೆ ಬಾಡಿ ಕಟ್ಟುವವರು ಬೇರೆ. ಇಂಗ್ಲೆಂಡಿನಲ್ಲಿ ಹೂಪರ್, ಬಾರ್ಕರ್, ಮಲಿನರ್, ಪಾರ್ಕ್ ವಾರ್ಡ್, ಫ್ರಾನ್ಸಿನಲ್ಲಿ ಆಂರಿ ಶಾಪ್ರೋಂ, ಇಟಲಿಯಲ್ಲಿ ಪಿನಿನ್‌ಫರೀನ. ಇವರಲ್ಲಿ ಹೂಪರ್‌ನಂಥ ಹಳಬರು ಮೊದಲು ಅರಮನೆಗಳಿಗೆ ಸಾರೋಟು ಮಾಡಿಕೊಡುತ್ತಿದ್ದವರು. ಆಶ್ ಮರದ ಚೌಕಟ್ಟು ಕಟ್ಟಿ, ಅದರ ಮೇಲೆ ಕೈಯಲ್ಲಿ ಬಡಿದು ಬಗ್ಗಿಸಿದ ಅಲ್ಯೂಮಿನಿಯಂ ತಗಡು ಹೊದಿಸುತ್ತಿದ್ದರು. ಹಾಗಾಗಿ ಒಂದೇ ಮಾದರಿಯ ಎರಡು ರೋಲ್ಸ್ ರಾಯ್ಸ್ ಕಾರುಗಳು ಅಕ್ಕಪಕ್ಕ ನಿಂತರೂ ಬಾನೆಟ್ಟಿನಿಂದ ಹಿಂದಕ್ಕೆ ಒಂದಕ್ಕೊಂದು ಹೋಲುವುದಿಲ್ಲ.

ಸಾರೋಟಿನ ಕಾಲದ ಅಭ್ಯಾಸಗಳೂ ಹಾಗೇ ಉಳಿದವು. ಎತ್ತರದ ಟೋಪಿ ತೆಗೆಯದೆ ಹತ್ತಿ ಇಳಿಯಲು ಆಗಬೇಕೆಂದು ಟಾಪು ಎತ್ತರ. ಇನ್ನೊಂದು ವಿಷಯ ಮೊದಲ ಸಲ ನೋಡಿದವರಿಗೆ ಅಚ್ಚರಿ ತರುತ್ತದೆ: ಹಳೆಯ ಲಿಮೊಸಿನ್‌ಗಳಲ್ಲಿ ಚರ್ಮದ ಸೀಟು ಡ್ರೈವರಿಗೆ, ಒಡೆಯನಿಗೆ ಉಣ್ಣೆಯ ಬಟ್ಟೆ ಹೊದಿಸಿದ ಸೀಟು. ಗಾಡಿ ಹೊಡೆಯುವವನು ಮಳೆ ಬಿಸಿಲಿನಲ್ಲಿ ಹೊರಗೆ ಕೂರುತ್ತಿದ್ದ ಕಾಲದಲ್ಲಿ ಅವನ ಆಸನಕ್ಕೆ ತಾಳಿಕೆಯ ಚರ್ಮವೇ ಬೇಕಿತ್ತು. ಒಳಗಿನವರಿಗೆ ಮೆತ್ತಗಿನ, ಸದ್ದು ಮಾಡದ, ತಣ್ಣಗೆ ತಾಕದ ಬಟ್ಟೆ. ಇವತ್ತು ಚರ್ಮದ ಸೀಟೇ ಶ್ರೀಮಂತಿಕೆ ಎಂದು ನಂಬಿ, ಹಳೆಯ ರಾಜವಾಹನದ ಹಿಂದಿನ ಸೀಟಿಗೆ ಹೊಸ ಚರ್ಮ ಹೊಲಿಸುವವರಿದ್ದಾರೆ. ಅದು ಆ ಕಾರಿಗೆ ಮಾಡುವ ದೊಡ್ಡ ಅನ್ಯಾಯ.

ಲಿಮೊಸಿನ್, ಲ್ಯಾಂಡೊಲೆ, ಕ್ಯಾಬ್ರಿಯೊಲೆ: ಏನು ವ್ಯತ್ಯಾಸ?

ಡ್ರೈವರಿಗೂ ಹಿಂದಿನವರಿಗೂ ನಡುವೆ ಗಾಜಿನ ಅಡ್ಡತೆರೆ ಇರುವ ಮುಚ್ಚಿದ ಕಾರು ಲಿಮೊಸಿನ್. ಟಾಪು ಪೂರ್ತಿ ಮಡಚಿಕೊಳ್ಳುವುದು ಕ್ಯಾಬ್ರಿಯೊಲೆ. ಹಿಂದಿನ ಸೀಟಿನ ಮೇಲಿನ ಭಾಗ ಮಾತ್ರ ಮಡಚಿಕೊಳ್ಳುವುದು ಲ್ಯಾಂಡೊಲೆ. ಆಳುವವರಿಗೆಂದೇ ಹುಟ್ಟಿದ್ದು ಈ ಮೂರನೆಯದು ಎನ್ನಬಹುದು. ಜನ ನೋಡಬೇಕಾದದ್ದು ಹಿಂದೆ ಕೂತವರನ್ನು, ಡ್ರೈವರನ್ನಲ್ಲ.

ಇಷ್ಟು ದೊಡ್ಡ ಎಂಜಿನ್ ಏಕೆ? ಅಷ್ಟು ವೇಗ ಬೇಕಿತ್ತೇ?

ಬೇಕಿದ್ದುದು ವೇಗವಲ್ಲ, ನಿಧಾನ. ಕಾಲಾಳುಗಳ ಹೆಜ್ಜೆಗೆ ಸರಿಯಾಗಿ ಗಂಟೆಗಟ್ಟಲೆ ತೆವಳಬೇಕು, ನಿಂತಲ್ಲೇ ಎಂಜಿನ್ ತಿರುಗುತ್ತಿರಬೇಕು, ಆದರೂ ಬಿಸಿಯಾಗಿ ಕೆಡಬಾರದು, ಜರ್ಕ್ ಹೊಡೆಯಬಾರದು. ಮೆರವಣಿಗೆಯ ನಡುವೆ ರಾಣಿಯ ಕಾರು ಕೈಕೊಟ್ಟರೆ ಅದು ಮಾರನೆಯ ದಿನದ ಸುದ್ದಿ. ಕಡಿಮೆ ಸುತ್ತಿನಲ್ಲೇ ಬೇಕಾದಷ್ಟು ಎಳೆತ ಕೊಡಲು ದೊಡ್ಡ ಎಂಜಿನ್ ಬೇಕು. ಸಾಲಾಗಿ ಎಂಟು ಸಿಲಿಂಡರ್ ಜೋಡಿಸಿದ ಎಂಜಿನ್‌ಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದ್ದವು.

ರೋಲ್ಸ್ ರಾಯ್ಸ್ ಫ್ಯಾಂಟಮ್ 4 ಅಷ್ಟು ಅಪರೂಪ ಏಕೆ?

1950ರಿಂದ 1956ರವರೆಗೆ ತಯಾರಾದದ್ದು ಒಟ್ಟು 18. ಮೊದಲನೆಯದು, 4ಎಎಫ್2 ಎಂಬ ಚಾಸಿ ಸಂಖ್ಯೆಯದು, 1950ರ ಜುಲೈನಲ್ಲಿ ರಾಜಕುಮಾರಿ ಎಲಿಜಬೆತ್ ಮತ್ತು ಫಿಲಿಪ್ ದಂಪತಿಗೆ ಹೋಯಿತು. ಅವರ ಒಂದು ಕಾರಿಗಾಗಿ ಶುರುವಾದ ಕೆಲಸ ಮುಂದೆ ಅರಸರಿಗೂ ದೇಶದ ಮುಖ್ಯಸ್ಥರಿಗೂ ಸೀಮಿತವಾದ ಸಾಲಾಯಿತು. ಇರಾನಿನ ಷಾ, ಸ್ಪೇನಿನ ಫ್ರಾಂಕೊ, ಆಗಾ ಖಾನ್, ಇರಾಕಿನ ಅರಮನೆ, ಕುವೈತಿನ ದೊರೆ ಈ ಪಟ್ಟಿಯಲ್ಲಿದ್ದಾರೆ. ಹದಿನೆಂಟರಲ್ಲಿ ಒಂದನ್ನು ಮಾತ್ರ ಕಾರ್ಖಾನೆಯೇ ಸಾಮಾನು ಸಾಗಿಸುವ ಪಿಕಪ್ ಆಗಿ ಇಟ್ಟುಕೊಂಡು, ಆಮೇಲೆ ಗುಜರಿಗೆ ಹಾಕಿತು.

ನನಗೆ ಇಷ್ಟವಾದದ್ದು ಇದರ ಎಂಜಿನ್. 5.7 ಲೀಟರಿನ, ಎಂಟು ಸಿಲಿಂಡರಿನ ಈ ಎಂಜಿನ್ನಿನ ಒಡಹುಟ್ಟುಗಳು ಕೂತಿದ್ದುದು ಸೇನೆಯ ಟ್ರಕ್ಕುಗಳಲ್ಲಿ, ಅಗ್ನಿಶಾಮಕ ಗಾಡಿಗಳಲ್ಲಿ. ಕೈಕೊಡಬಾರದು ಎಂಬ ಒಂದೇ ಷರತ್ತು ಇವಕ್ಕೂ ರಾಣಿಯ ಕಾರಿಗೂ ಸಮಾನವಾಗಿತ್ತು.

ಬುಗಾಟಿ ರಾಯಲ್ ಯಾವ ರಾಜನದು?

ಯಾವ ರಾಜನದೂ ಅಲ್ಲ. ಎಟ್ಟೋರೆ ಬುಗಾಟಿ ಇದನ್ನು ಅರಸರಿಗೆಂದೇ ಯೋಚಿಸಿದ್ದ. 12.7 ಲೀಟರ್ ಎಂಜಿನ್, ಸುಮಾರು 6.4 ಮೀಟರ್ ಉದ್ದ, ರೇಡಿಯೇಟರಿನ ಮೇಲೆ ಸೊಂಡಿಲೆತ್ತಿ ನಿಂತ ಆನೆ. ಆ ಆನೆಯನ್ನು ಮೊದಲು ಕಡೆದದ್ದು ಅವನ ತಮ್ಮ, ಶಿಲ್ಪಿ ರೆಂಬ್ರಾಂಟ್ ಬುಗಾಟಿ. ಆದರೆ ಕಾರು ಮಾರಾಟಕ್ಕೆ ಸಿದ್ಧವಾಗುವ ಹೊತ್ತಿಗೆ ಜಗತ್ತಿನ ಆರ್ಥಿಕತೆ ಕುಸಿದಿತ್ತು. ಗಿರಾಕಿಯಾಗಬಹುದಾಗಿದ್ದ ಸ್ಪೇನಿನ ದೊರೆ 13ನೇ ಅಲ್ಫಾನ್ಸೊ 1931ರಲ್ಲಿ ಸಿಂಹಾಸನವನ್ನೇ ಕಳೆದುಕೊಂಡ. ಮಾರಾಟವಾದದ್ದು ಮೂರೇ ಕಾರು, ಮೂರೂ ಖಾಸಗಿಯವರಿಗೆ. ಉಳಿದ ಎಂಜಿನ್‌ಗಳನ್ನು ಬುಗಾಟಿ ಫ್ರಾನ್ಸಿನ ರೈಲು ಬೋಗಿಗಳಿಗೆ ಜೋಡಿಸಿದ, ಅಲ್ಲಿ ಅವು ಸೊಗಸಾಗಿ ಓಡಿದವು. ಈಗ ಉಳಿದಿರುವ ಆರು ಕಾರುಗಳಲ್ಲಿ ಎರಡು ಫ್ರಾನ್ಸಿನ ಮ್ಯೂಲೂಸ್ ಸಂಗ್ರಹಾಲಯದಲ್ಲಿವೆ.

ಮರ್ಸಿಡಿಸ್ ಬೆಂಜ್ 770 ಎಂದರೆ ಹಿಟ್ಲರನ ಕಾರೇ?

ಹಿಟ್ಲರ್ ಬಳಸಿದ್ದು ನಿಜ, ಆದರೆ ಅವನೊಬ್ಬನದೇ ಅಲ್ಲ. 1930ರಲ್ಲಿ ಬಂದ ಮೊದಲ ಪೀಳಿಗೆಯ 117 ಕಾರುಗಳಲ್ಲಿ ಹಲವನ್ನು ಜಪಾನಿನ ಚಕ್ರವರ್ತಿ ಹಿರೊಹಿತೊ ಅರಮನೆ ತರಿಸಿಕೊಂಡಿತು. ಪದಚ್ಯುತನಾಗಿ ನೆದರ್ಲೆಂಡ್ಸ್‌ನಲ್ಲಿದ್ದ ಜರ್ಮನಿಯ ಎರಡನೇ ವಿಲ್ಹೆಲ್ಮ್ ಕೂಡ ಒಂದನ್ನು ಇಟ್ಟುಕೊಂಡಿದ್ದ. ಹಿರೊಹಿತೊ ಅರಮನೆಯದೊಂದು, ವಿಲ್ಹೆಲ್ಮನದೊಂದು ಈಗ ಸ್ಟುಟ್‌ಗಾರ್ಟಿನ ಮರ್ಸಿಡಿಸ್ ಸಂಗ್ರಹಾಲಯದಲ್ಲಿವೆ. 1938ರ ನಂತರದ ಎರಡನೇ ಪೀಳಿಗೆಯವು 88. ನಾಜಿ ನಾಯಕರ ಮೆರವಣಿಗೆಯ ಚಿತ್ರಗಳಲ್ಲಿ ಕಾಣುವ ತೆರೆದ ಕಾರುಗಳಲ್ಲಿ ಇವು ಇವೆ. ಫಿನ್ಲೆಂಡಿನ ಸೇನಾಪತಿ ಮಾನರ್‌ಹೈಮ್‌ಗೆ 1941ರಲ್ಲಿ ಹಿಟ್ಲರ್ ಉಡುಗೊರೆ ಕೊಟ್ಟದ್ದೂ ಇದೇ ಮಾದರಿ.

ಮರ್ಸಿಡಿಸ್ 600ರಲ್ಲಿ ಅಂಥದ್ದೇನಿತ್ತು? ಅಷ್ಟೊಂದು ನಾಯಕರು ಅದನ್ನೇ ಕೊಂಡರಲ್ಲ?

1963ರಿಂದ 1981ರವರೆಗೆ 2,677 ತಯಾರಾದವು. ಟಿಟೊ, ಮಾವೊ, ಚೌಷೆಸ್ಕು, ಇದಿ ಅಮೀನ್, ಪೋಪ್ ಆರನೇ ಪಾಲ್: ಒಬ್ಬರಿಗೊಬ್ಬರು ಯಾವುದರಲ್ಲೂ ಹೊಂದದ ಇವರೆಲ್ಲರ ಬಳಿಯೂ ಇದೇ ಕಾರಿತ್ತು. 1965ರಲ್ಲಿ ರಾಣಿ ಎಲಿಜಬೆತ್ ಪಶ್ಚಿಮ ಜರ್ಮನಿಗೆ ಹೋದಾಗಲೂ ಇದರ ಲ್ಯಾಂಡೊಲೆಯಲ್ಲೇ ಸುತ್ತಿದರು. ಲ್ಯಾಂಡೊಲೆ ತಯಾರಾದದ್ದು 59 ಮಾತ್ರ.

ಇದರ ಕಿಟಕಿ, ಸೀಟು, ಡಿಕ್ಕಿಯ ಮುಚ್ಚಳ ಎಲ್ಲ ಎಣ್ಣೆಯ ಒತ್ತಡದಿಂದ ನಡೆಯುತ್ತಿದ್ದವು, ವಿದ್ಯುತ್ ಮೋಟಾರಿನಿಂದಲ್ಲ. ಹಾಗಾಗಿ ಗಾಜು ಏರುವಾಗ ಇಳಿಯುವಾಗ ಸದ್ದೇ ಇಲ್ಲ. ಕಾರನ್ನು ಚಕ್ರಗಳ ಮೇಲೆ ಹೊರುವ ಸಸ್ಪೆನ್ಷನ್ ಗಾಳಿಯದು. ಇದೇ ಇಂದಿನ ಮಾಲೀಕರ ತಲೆನೋವೂ ಹೌದು: ಕೊಳವೆ, ಸೀಲು ಎಲ್ಲೋ ಒಂದು ಕಡೆ ಸೋರಿದರೂ ಹುಡುಕಿ ಸರಿಪಡಿಸುವುದು ಪರಿಣತರ ಕೆಲಸ. ಬಹುಕಾಲ ನಿಂತ 600 ನೆಲಕ್ಕೆ ಕುಸಿದು ಕೂತಿರುವುದನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಪೋಪರ ಕಾರುಗಳಿಗೆ ಬೇರೆ ವಿನ್ಯಾಸವೇ?

1930ರಲ್ಲಿ ಪೋಪ್ 11ನೇ ಪಯಸ್‌ಗೆ ಬಂದ ಮರ್ಸಿಡಿಸ್ ನ್ಯೂರ್‌ಬುರ್ಗ್ 460 ನೋಡಿ. ಹಿಂದೆ ಉದ್ದನೆಯ ಸೀಟಿಲ್ಲ, ನಟ್ಟನಡುವೆ ಸಿಂಹಾಸನದಂಥ ಒಂದೇ ಕುರ್ಚಿ. ಪಕ್ಕದಲ್ಲಿ ಯಾರೂ ಕೂರುವ ಪ್ರಶ್ನೆಯೇ ಇಲ್ಲ. ಕುರ್ಚಿಯ ಬಳಿ ಗುಂಡಿಗಳ ಫಲಕ. ಮಾತಾಡದೆ ಡ್ರೈವರಿಗೆ ಸೂಚನೆ ಕೊಡಲು ಅದು. 1965ರ 600 ಲ್ಯಾಂಡೊಲೆಯಲ್ಲೂ ಒಂಟಿ ಆಸನದ ಪದ್ಧತಿ ಮುಂದುವರಿಯಿತು, ಟಾಪನ್ನೂ ಎತ್ತರಿಸಲಾಯಿತು. 1981ರ ಮೇ 13ರಂದು ತೆರೆದ ಫಿಯಟ್‌ನಲ್ಲಿ ನಿಂತಿದ್ದ ಎರಡನೇ ಜಾನ್ ಪಾಲ್ ಮೇಲೆ ಗುಂಡು ಹಾರಿದ ಬಳಿಕ ಗುಂಡು ತಡೆಯುವ ಗಾಜಿನ ಗೂಡು ಬಂತು. ವ್ಯಾಟಿಕನ್ನಿನ ಈ ವಾಹನಗಳ ದೊಡ್ಡ ಪಾಲು ಅಲ್ಲಿನ ಸಂಗ್ರಹಾಲಯದ ಸಾರೋಟು ವಿಭಾಗದಲ್ಲಿ ನೋಡಲು ಸಿಗುತ್ತದೆ.

ಸರಾಯೆವೊದಲ್ಲಿ ಹತ್ಯೆಯಾದಾಗ ಆಸ್ಟ್ರಿಯಾದ ಯುವರಾಜ ಫ್ರಾಂಜ್ ಫರ್ಡಿನಾಂಡ್ ಕೂತಿದ್ದ ಕಾರಿಗೆ ಶಾಪವಿತ್ತಂತೆ, ನಿಜವೇ?

ಶುದ್ಧ ಸುಳ್ಳು. ಆ ಕಾರು ಒಬ್ಬರಿಂದೊಬ್ಬರಿಗೆ ಮಾರಾಟವಾಗುತ್ತಾ ಹೋಯಿತು, ಕೊಂಡವರೆಲ್ಲ ಸತ್ತರು ಎಂಬ ಕಥೆ ಹರಿದಾಡುತ್ತಲೇ ಇದೆ. ವಾಸ್ತವದಲ್ಲಿ ಅದು ಮಾರಾಟವಾಗಲೇ ಇಲ್ಲ. ಕಾರಿನ ಒಡೆಯ ಕೌಂಟ್ ಹರಾಖ್ ಅದನ್ನು ಚಕ್ರವರ್ತಿಗೆ ಒಪ್ಪಿಸಿದ, 1914ರಲ್ಲೇ ಅದು ವಿಯೆನ್ನಾದ ಸೇನಾ ಸಂಗ್ರಹಾಲಯ ಸೇರಿತು. ಇಂದಿಗೂ ಅಲ್ಲಿದೆ.

ಕಟ್ಟುಕಥೆಗಿಂತ ಅಂದು ನಡೆದದ್ದನ್ನು ಕಾರಿನ ಮೂಲಕ ನೋಡಿದರೆ ಮೈ ನಡುಗುತ್ತದೆ. ಅದು ಗ್ರ್ಯಾಫ್ ಅಂಡ್ ಷ್ಟಿಫ್ಟ್ ಕಂಪನಿಯ ತೆರೆದ ಫೇಟನ್. 1914ರ ಜೂನ್ 28ರ ಬೆಳಿಗ್ಗೆ ಮೊದಲು ಎಸೆದ ಬಾಂಬು ಮಡಚಿಟ್ಟಿದ್ದ ಟಾಪಿಗೆ ತಾಗಿ ಪುಟಿದು ಹಿಂದಿನ ಕಾರಿನ ಬಳಿ ಸಿಡಿಯಿತು. ಮತ್ತೆ ಹೊರಟಾಗ ಹರಾಖ್ ಸ್ವತಃ ಎಡಗಡೆಯ ಫುಟ್‌ಬೋರ್ಡ್ ಮೇಲೆ ನಿಂತು ಅಡ್ಡಲಾದ. ಬದಲಾದ ದಾರಿ ಡ್ರೈವರಿಗೆ ಗೊತ್ತಿರಲಿಲ್ಲ. ತಪ್ಪು ತಿರುವು ತೆಗೆದುಕೊಂಡು, ಗೊತ್ತಾದೊಡನೆ ಕಾರು ನಿಲ್ಲಿಸಿದ. ನಿಂತ ಕಾರಿನ ಬಲಗಡೆ ಹಂತಕ ಗಾವ್ರಿಲೊ ಪ್ರಿನ್ಸಿಪ್ ಇದ್ದ. ಬಾಡಿಯ ಬಲಬದಿಯ ತಗಡಿನಲ್ಲಿ ಗುಂಡು ಹೊಕ್ಕ ತೂತು ಇವತ್ತಿಗೂ ಕಾಣುತ್ತದೆ. ಒಡೆಯ ನಿಂತು ಕಾಯುತ್ತಿದ್ದ ಬದಿಗೂ ಆ ತೂತಿಗೂ ನಡುವೆ ಇರುವುದು ಒಂದು ಕಾರಿನ ಅಗಲ.

ಕೆನಡಿ ಹತ್ಯೆಯಾದ ಕಾರನ್ನು ನಾಶ ಮಾಡಿದರೇ?

ಇಲ್ಲ, ಮತ್ತೆ ಬಳಸಿದರು. ಇದನ್ನು ಕೇಳಿ ಬೆಚ್ಚಿಬೀಳುವವರೇ ಹೆಚ್ಚು.

ಅದು 1961ರ ಲಿಂಕನ್ ಕಾಂಟಿನೆಂಟಲ್. ಅಧ್ಯಕ್ಷರನ್ನು ಕಾಯುವ ಸೀಕ್ರೆಟ್ ಸರ್ವಿಸ್ ಅದಕ್ಕಿಟ್ಟ ಸಂಕೇತ ಎಕ್ಸ್-100. ಫೋರ್ಡ್ ಕಂಪನಿ ಇದನ್ನು ವರ್ಷಕ್ಕೆ 500 ಡಾಲರ್ ಬಾಡಿಗೆಗೆ ಕೊಟ್ಟಿತ್ತು. ಸಿನ್ಸಿನಾಟಿಯ ಹೆಸ್ ಅಂಡ್ ಐಸೆನ್‌ಹಾರ್ಟ್ ಸಂಸ್ಥೆ ಮಾಮೂಲಿ ಕಾರನ್ನು ನಡುವೆ ಕತ್ತರಿಸಿ ಸುಮಾರು ಒಂದು ಮೀಟರ್ ಉದ್ದ ಮಾಡಿತು. ಹಿಂದಿನ ಸೀಟನ್ನು ಗುಂಡಿ ಒತ್ತಿ ಹತ್ತು ಇಂಚಿಗೂ ಹೆಚ್ಚು ಮೇಲೆತ್ತಬಹುದಿತ್ತು, ದೂರದಲ್ಲಿ ನಿಂತವರಿಗೂ ಅಧ್ಯಕ್ಷರು ಕಾಣಲಿ ಎಂದು. ಪಾರದರ್ಶಕ ಪ್ಲಾಸ್ಟಿಕ್ ಟಾಪು ಬಿಡಿಬಿಡಿಯಾಗಿ ಡಿಕ್ಕಿಯಲ್ಲಿತ್ತು. 1963ರ ನವೆಂಬರ್ 22ರಂದು ಡಲ್ಲಾಸಿನಲ್ಲಿ ಮಳೆ ಬಿಟ್ಟಿದ್ದರಿಂದ ಜೋಡಿಸಲಿಲ್ಲ. ಜೋಡಿಸಿದ್ದರೂ ಅದು ಗುಂಡು ತಡೆಯುವಂಥದ್ದಾಗಿರಲಿಲ್ಲ.

ಆಮೇಲೆ ಕಾರನ್ನು ಪೂರ್ತಿ ಬಿಚ್ಚಿ, ಉಕ್ಕಿನ ಕವಚ, ಗುಂಡು ನಿರೋಧಕ ಗಾಜು, ತೆಗೆಯಲಾಗದ ಟಾಪು ಹಾಕಿದರು. ಕಡುನೀಲಿ ಬಣ್ಣವನ್ನು ಮುಂದಿನ ಅಧ್ಯಕ್ಷ ಜಾನ್ಸನ್ ಕಪ್ಪು ಮಾಡಿಸಿದರು. 1977ರವರೆಗೆ ಅದು ಸೇವೆಯಲ್ಲಿತ್ತು. ಡಿಯರ್‌ಬಾರ್ನಿನ ಹೆನ್ರಿ ಫೋರ್ಡ್ ಸಂಗ್ರಹಾಲಯದಲ್ಲಿ ಈಗ ಇರುವುದು ಈ ಬದಲಾದ ರೂಪ. ಅಂದು ಚಿತ್ರಗಳಲ್ಲಿ ಕಂಡ ತೆರೆದ ನೀಲಿ ಕಾರನ್ನು ಹುಡುಕಿಕೊಂಡು ಹೋದವರು ಮುಚ್ಚಿದ ಕಪ್ಪು ಕಾರಿನ ಮುಂದೆ ನಿಲ್ಲುತ್ತಾರೆ. ಹಳೆಯ ರೂಪಕ್ಕೆ ತಿರುಗಿಸದೆ ಹಾಗೇ ಬಿಟ್ಟದ್ದು ಸರಿಯಾದ ತೀರ್ಮಾನ ಎಂದೇ ನನ್ನ ಬಲವಾದ ನಂಬಿಕೆ. ಹತ್ಯೆಯ ನಂತರ ಒಂದು ದೇಶ ಎಷ್ಟು ಬದಲಾಯಿತು ಎನ್ನುವುದು ಆ ತೆಗೆಯಲಾಗದ ಟಾಪಿನಲ್ಲಿದೆ.

ಅದೇ ಸಂಗ್ರಹಾಲಯದಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟರ 1939ರ ಲಿಂಕನ್ ಕೂಡ ಇದೆ, ಸನ್‌ಶೈನ್ ಸ್ಪೆಷಲ್ ಎಂದು ಹೆಸರು. ಅಮೆರಿಕದ ಅಧ್ಯಕ್ಷರಿಗೆಂದೇ ತಯಾರಾದ ಮೊದಲ ಕಾರು ಅದು. ಪೋಲಿಯೊದಿಂದ ಕಾಲು ಸೋತಿದ್ದ ಅವರಿಗೆ ಕೂತಲ್ಲಿಂದಲೇ ಜನರ ನಡುವೆ ಇರಲು ತೆರೆದ ಕಾರು ಅನುಕೂಲವಾಗಿತ್ತು. ಪರ್ಲ್ ಹಾರ್ಬರ್ ದಾಳಿಯ ನಂತರ ಅದಕ್ಕೂ ಕವಚ ಬಂತು.

ಕಾರೇ ನಾಯಕನ ಜೀವ ಉಳಿಸಿದ್ದುಂಟೇ?

ಉಂಟು. 1962ರ ಆಗಸ್ಟ್ 22ರಂದು ಪ್ಯಾರಿಸ್ ಹೊರವಲಯದ ಪೆಟಿ ಕ್ಲಮಾರ್‌ನಲ್ಲಿ ಫ್ರಾನ್ಸಿನ ಅಧ್ಯಕ್ಷ ದ ಗಾಲ್ ದಂಪತಿಯಿದ್ದ ಸಿಟ್ರೊಯೆನ್ ಡಿಎಸ್ ಮೇಲೆ ಗುಂಡಿನ ಮಳೆಯಾಯಿತು. ಟೈರುಗಳು ಒಡೆದವು. ಆದರೂ ಡ್ರೈವರ್ ವೇಗ ಇಳಿಸದೆ ಪಾರುಮಾಡಿದ. ಅನಿಲ ಮತ್ತು ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಡಿಎಸ್‌ನ ಸಸ್ಪೆನ್ಷನ್ ಕಾರನ್ನು ಒಂದು ಬದಿಗೆ ವಾಲಲು ಬಿಡಲಿಲ್ಲ. ಅದು ಕವಚದ ಕಾರಲ್ಲ, ಅಂಗಡಿಯಲ್ಲಿ ಯಾರಾದರೂ ಕೊಳ್ಳಬಹುದಾಗಿದ್ದ ಮಾದರಿ.

ರಷ್ಯಾದಲ್ಲಿ ಲೆನಿನ್ ರೋಲ್ಸ್ ರಾಯ್ಸ್ ಬಳಸಿದ್ದು ನಿಜವೇ?

ನಿಜ, ಅದೂ ಹಿಮದ ಮೇಲೆ ಓಡುವಂಥದ್ದು. ತ್ಸಾರ್ ಎರಡನೇ ನಿಕೊಲಸನ ಗ್ಯಾರೇಜು ನೋಡಿಕೊಳ್ಳುತ್ತಿದ್ದ ಫ್ರೆಂಚ್ ಮೆಕ್ಯಾನಿಕ್ ಅಡಾಲ್ಫ್ ಕೆಗ್ರೆಸ್, ಹಿಂದಿನ ಚಕ್ರಗಳ ಜಾಗದಲ್ಲಿ ಪಟ್ಟಿ ಸುತ್ತಿಸಿ, ಮುಂದೆ ಹಿಮಹಲಗೆ ಕಟ್ಟಿ ಓಡಿಸುವ ಉಪಾಯ ಕಂಡುಹಿಡಿದಿದ್ದ. ಕ್ರಾಂತಿಯ ನಂತರ ಲೆನಿನ್‌ಗೂ ಅದೇ ಬಗೆಯ ರೋಲ್ಸ್ ರಾಯ್ಸ್ ಸಿದ್ಧವಾಯಿತು. ಮಾಸ್ಕೊ ಬಳಿಯ ಗೋರ್ಕಿ ಲೆನಿನ್‌ಸ್ಕಿಯೆಯಲ್ಲಿ ಅದನ್ನು ಉಳಿಸಿದ್ದಾರೆ. ಕೆಗ್ರೆಸ್ ಫ್ರಾನ್ಸಿಗೆ ಮರಳಿ ಸಿಟ್ರೊಯೆನ್ ಸೇರಿದ. ಹಿಮಕ್ಕೆಂದು ಹುಟ್ಟಿದ ಅವನ ಪಟ್ಟಿಯ ಕಾರುಗಳು 1922–23ರಲ್ಲಿ ಸಹಾರಾ ಮರುಭೂಮಿ ದಾಟಿದವು.

ಮುಂದಿನ ಕಾಲದ ಸೋವಿಯತ್ ನಾಯಕ ಬ್ರೆಜ್ನೇವ್‌ಗೂ ಕಾರುಗಳೆಂದರೆ ಪ್ರಾಣ. ನಿಕ್ಸನ್ 1972ರಲ್ಲಿ ಕ್ಯಾಡಿಲಾಕ್, 1973ರಲ್ಲಿ ಲಿಂಕನ್ ಉಡುಗೊರೆ ಕೊಟ್ಟರು. ಬ್ರೆಜ್ನೇವರ ಜಜ್ಜಿಹೋದ ರೋಲ್ಸ್ ರಾಯ್ಸ್ ಒಂದು ರೀಗಾದ ಮೋಟಾರು ಸಂಗ್ರಹಾಲಯದಲ್ಲಿದೆ.

ಇಂಥ ಕಾರುಗಳು ಈಗಲೂ ಕೆಲಸ ಮಾಡುತ್ತಿವೆಯೇ?

ಹಲವು ಮಾಡುತ್ತಿವೆ. ಇಟಲಿಯ ಅಧ್ಯಕ್ಷರು ಜೂನ್ 2ರ ಗಣರಾಜ್ಯ ದಿನದಂದು ಲಾನ್ಸಿಯಾ ಫ್ಲಮೀನಿಯಾ 335ರಲ್ಲಿ ಬರುತ್ತಾರೆ. 1961ರಲ್ಲಿ ರಾಣಿ ಎಲಿಜಬೆತ್ ಭೇಟಿಗೆಂದು ಪಿನಿನ್‌ಫರೀನ ಅವಸರದಲ್ಲಿ ಕಟ್ಟಿಕೊಟ್ಟ ಕಾರುಗಳು ಅವು. ಒಂದೊಂದಕ್ಕೂ ಕುದುರೆಯ ಹೆಸರಿಟ್ಟಿದ್ದಾರೆ. 335 ಎಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ, ಸೆಂಟಿಮೀಟರಿನಲ್ಲಿ. ಬ್ರೆಜಿಲ್ ಅಧ್ಯಕ್ಷರ ಪದಗ್ರಹಣಕ್ಕೆ 1950ರ ದಶಕದ ರೋಲ್ಸ್ ರಾಯ್ಸ್ ಸಿಲ್ವರ್ ರೇತ್ ಹೊರಡುತ್ತದೆ. ಐರ್ಲೆಂಡಿನಲ್ಲಿ 1947ರದು. ಡೆನ್ಮಾರ್ಕ್ ಅರಮನೆಯದು 1958ರದು. ಸ್ಪೇನಿನಲ್ಲಿ ಫ್ರಾಂಕೊ ತರಿಸಿದ ಫ್ಯಾಂಟಮ್ 4 ಕಾರುಗಳು ಈಗ ಅರಸರ ಸಮಾರಂಭಗಳಿಗೆ ಬರುತ್ತವೆ.

ಬ್ರಿಟನ್ನಿನ ಫ್ಯಾಂಟಮ್ 6 ರಾಣಿಯ 1977ರ ಬೆಳ್ಳಿಹಬ್ಬದ ಉಡುಗೊರೆ. 2010ರ ಡಿಸೆಂಬರಿನಲ್ಲಿ ಲಂಡನ್ನಿನ ವಿದ್ಯಾರ್ಥಿ ಪ್ರತಿಭಟನೆಯ ನಡುವೆ ಸಿಕ್ಕಿಕೊಂಡು, ಬಣ್ಣ ಎರಚಿಸಿಕೊಂಡು, ಗಾಜು ಬಿರುಕುಬಿಟ್ಟಿತು. ಸರಿಪಡಿಸಿದ ಮೇಲೆ 2011ರ ಏಪ್ರಿಲಿನಲ್ಲಿ ಕೇಟ್ ಮಿಡಲ್ಟನ್ ಮದುವಣಗಿತ್ತಿಯಾಗಿ ಚರ್ಚಿಗೆ ಹೋದದ್ದು ಅದರಲ್ಲೇ. ಬ್ರಿಟನ್ ದೊರೆಯ ಅಧಿಕೃತ ಕಾರುಗಳಿಗೆ ನಂಬರ್ ಪ್ಲೇಟು ಇರುವುದಿಲ್ಲ. ರಾಣಿ ಹೊರಟಾಗ ಬಾನೆಟ್ಟಿನ ತುದಿಗೆ ಸಂತ ಜಾರ್ಜ್ ಡ್ರ್ಯಾಗನನ್ನು ಕೊಲ್ಲುವ ಬೆಳ್ಳಿಯ ಬೊಂಬೆ ಕೂರಿಸುತ್ತಿದ್ದರು, ಕಾರಿನಿಂದ ಕಾರಿಗೆ ಬದಲಿಸುತ್ತಾ.

'ಇದು ಇಂಥ ರಾಜನ ಕಾರು' ಎಂದು ಮಾರುವವರು ಹೇಳಿದರೆ ನಂಬುವುದು ಹೇಗೆ?

ಬಾಯಿಮಾತು, ಚಂದದ ಲಾಂಛನ, ಪರದೆ ಯಾವುದೂ ಸಾಕ್ಷಿಯಲ್ಲ. ಚಾಸಿ ಸಂಖ್ಯೆಯಿಂದ ಶುರುಮಾಡಿ. ರೋಲ್ಸ್ ರಾಯ್ಸ್ ಪ್ರತಿ ಚಾಸಿಗೂ ಕಾರ್ಡು ಬರೆದಿಡುತ್ತಿತ್ತು: ಯಾರ ಹೆಸರಿಗೆ ಬೇಡಿಕೆ, ಬಾಡಿ ಕಟ್ಟಿದವರು ಯಾರು, ಯಾವಾಗ ಒಪ್ಪಿಸಿದ್ದು. ಆ ಕಾರ್ಡುಗಳನ್ನು ಇಂಗ್ಲೆಂಡಿನ ಉತ್ಸಾಹಿಗಳ ಸಂಘ ಜೋಪಾನ ಮಾಡಿದೆ. ಎಂಜಿನ್ ಸಂಖ್ಯೆ, ಬಾಡಿ ಸಂಖ್ಯೆ, ಕಾಲಕಾಲದ ಫೋಟೊಗಳು ಅದಕ್ಕೆ ತಾಳೆಯಾಗಬೇಕು.

ಒಟ್ಟಾವಾದಲ್ಲಿರುವ ಕೆನಡಾದ ಯುದ್ಧ ಸಂಗ್ರಹಾಲಯದ ಮರ್ಸಿಡಿಸ್ 770ರ ಪ್ರಸಂಗ ಇದಕ್ಕೆ ಒಳ್ಳೆಯ ಪಾಠ. ಯುದ್ಧದ ಕೊನೆಗೆ ಅಮೆರಿಕದ ಸೈನಿಕರ ಕೈಸೇರಿದ ಅದನ್ನು ನಾಜಿ ನಾಯಕ ಗೋರಿಂಗ್‌ನ ಕಾರೆಂದು ದಶಕಗಟ್ಟಲೆ ಎಲ್ಲರೂ ನಂಬಿದ್ದರು. ಸಂಗ್ರಹಾಲಯದ ಗ್ರಂಥಪಾಲಕರೊಬ್ಬರಿಗೆ ಅನುಮಾನ ಬಂತು. ದಾಖಲೆ, ಚಿತ್ರಗಳನ್ನು ಒಂದೊಂದಾಗಿ ತಾಳೆ ನೋಡಿ, ಅದು ಗೋರಿಂಗ್‌ನದಲ್ಲ, ಹಿಟ್ಲರನ ಬಳಕೆಯಲ್ಲಿದ್ದ ಕಾರು ಎಂದು ತೋರಿಸಿಕೊಟ್ಟರು. ಸಾಮಾನ್ಯವಾಗಿ ಹುಡುಕಿದಷ್ಟೂ ಕಾರಿನ ಹಿರಿಮೆ ಕರಗುತ್ತದೆ. ಇಲ್ಲಿ ಉಲ್ಟಾ ಆಯಿತು.

ರಾಜವಾಹನವನ್ನು ಹೊಸದರ ಹಾಗೆ ಮಾಡಿಸುವುದು ಸರಿಯೇ?

ಓಡಲು, ಉಳಿಯಲು ಬೇಕಾದದ್ದನ್ನು ಮಾಡಲೇಬೇಕು. ಬ್ರೇಕು, ಟೈರು, ಇಂಧನದ ಕೊಳವೆ, ವೈರಿಂಗು: ಇವುಗಳಲ್ಲಿ ರಾಜಿ ಬೇಡ. ಮರದ ಚೌಕಟ್ಟಿಗೆ ತೇವ ಹಿಡಿದಿದ್ದರೆ ಕೊಳೆತ ತುಂಡನ್ನಷ್ಟೇ ತೆಗೆದು ಅದೇ ಜಾತಿಯ ಮರ ಕೂಡಿಸಬೇಕು. ಉಣ್ಣೆಯ ಸೀಟಿಗೆ ನುಸಿ ಬೀಳದಂತೆ ಕಾಯಬೇಕು. ನಿಲ್ಲಿಸಿಯೇ ಇಟ್ಟರೆ ಟೈರು ಒಂದೇ ಕಡೆ ಚಪ್ಪಟೆಯಾಗುತ್ತದೆ, ಪೆಟ್ರೋಲು ಅಂಟಾಗಿ ಕಾರ್ಬ್ಯುರೇಟರು ಕಟ್ಟಿಕೊಳ್ಳುತ್ತದೆ, ಆಗಾಗ ಓಡಿಸಬೇಕು.

ಕೈಯಿಟ್ಟು ಸವೆದ ಹಿಡಿ, ಮಾಸಿದ ಬಟ್ಟೆ, ಬಣ್ಣದಡಿಯ ಹಳೆಯ ಲಾಂಛನ, ಧ್ವಜದ ಕೋಲು ಕೂರಿಸಿದ್ದ ತೂತು: ಇವನ್ನು ಮುಟ್ಟಬೇಡಿ. ಅಳಿಸುವ ಮುಂಚೆ ಕನಿಷ್ಠ ಫೋಟೊ ತೆಗೆದು ಅಳತೆ ಬರೆದಿಡಿ. ಬಿಚ್ಚಿದ ಭಾಗಗಳಿಗೆ ಚೀಟಿ ಕಟ್ಟಿ ಎತ್ತಿಡಿ, ಎಸೆಯಬೇಡಿ. ಹೊಳಪನ್ನು ಯಾವ ಕಾಲದಲ್ಲಿ ಬೇಕಾದರೂ ತರಿಸಬಹುದು, ತೂತು ಮುಚ್ಚಿ ಬಣ್ಣ ಬಳಿದ ಮೇಲೆ ಆ ಕೋಲು ಎಲ್ಲಿತ್ತೆಂದು ಹೇಳುವವರು ಇರುವುದಿಲ್ಲ.

ಇವನ್ನೆಲ್ಲ ನೋಡಲು ಎಲ್ಲಿಗೆ ಹೋಗಬೇಕು?

ಮೇಲೆ ಹೇಳಿದವುಗಳ ಜೊತೆಗೆ, ಜೋರ್ಡನ್ ದೊರೆ ಹುಸೇನರ ಕಾರುಗಳಿರುವ ಅಮ್ಮಾನಿನ ರಾಯಲ್ ಆಟೊಮೊಬೈಲ್ ಮ್ಯೂಸಿಯಂ, ಮೊನಾಕೊ ರಾಜಕುಮಾರರ ಸಂಗ್ರಹ, ಹೇಗ್ ನಗರದ ಲೌಮನ್ ಸಂಗ್ರಹಾಲಯ ನೋಡಬೇಕಾದವು. ಒಂದೇ ಕಡೆ ಹೋಗಲು ಸಾಧ್ಯವಿದ್ದರೆ ಡಿಯರ್‌ಬಾರ್ನಿಗೆ ಹೋಗಿ: ರೂಸ್‌ವೆಲ್ಟರ ತೆರೆದ ಲಿಂಕನ್, ಐಸೆನ್‌ಹೋವರ್ ಪಾರದರ್ಶಕ ಗುಮ್ಮಟ ಹಾಕಿಸಿದ ಕಾರು, ಕೆನಡಿ ಕಾರು ಒಂದೇ ಸೂರಿನಡಿ ಇವೆ. ಹೋದಾಗ ಬಾನೆಟ್ಟಿನ ಮುಂದೆ ನಿಂತು ಫೋಟೊ ತೆಗೆದು ಹೊರಡಬೇಡಿ. ಹಿಂದಿನ ಬಾಗಿಲ ಬಳಿ ಹೋಗಿ, ಸೀಟು, ಗಾಜು, ಅಂಗರಕ್ಷಕರು ಹಿಡಿದು ನಿಲ್ಲುತ್ತಿದ್ದ ಹಿಡಿಗಳನ್ನು ನೋಡಿ.